ನಾಲ್ಕನೆಯ ತೋಳು

"ತೋಳು ಹಾಕಿದ್ರೆ ಎಲ್ಲಾ ಸರಿಹೋಗತ್ತೆ," ಅಂದಳು ಅವಳು, ತಲೆ ಎತ್ತದೆ.

ಎದುರಿಗೆ ನಿಂತಿದ್ದವನ ಕಿವಿ ಕೆಂಪಾಯಿತು. ಅವನು ಮೊದಲು ತನ್ನ ತೋಳುಗಳನ್ನು ನೋಡಿಕೊಂಡ. ಆಮೇಲೆ, ನೋಡಬಾರದಿತ್ತು, ಅವಳವನ್ನೂ ನೋಡಿದ. ಮೊಣಕೈವರೆಗೆ ಮಡಚಿದ ಅಂಗಿ, ಮುಂಗೈಯಲ್ಲೊಂದು ಹಳೆಯ ಸುಟ್ಟ ಗಾಯ, ಅದರ ಮೇಲೆ ಮಿಣಮಿಣ ಮಿನುಗುವ ಲೋಹದ ಪುಡಿ.

"ನನಗಾ?"

"ನಿಮ್ಮ ಎಂಜಿನ್ ಬ್ಲಾಕಿಗೆ."

ಲೇತ್ ಮೆಷಿನ್ನಿನ ಹಿಂದಿನಿಂದ ಅವಳ ದೊಡ್ಡಪ್ಪನ ನಗು ಸಿಡಿಯಿತು. ಅವರ ಎಂಜಿನ್ ರಿಪೇರಿಯ ಆ ಶೆಡ್ಡಿನಲ್ಲಿ ಸ್ಲೀವನ್ನು ಸ್ಲೀವ್ ಎಂದು ಕರೆದವರೇ ಇಲ್ಲ. ಸಿಲಿಂಡರಿನ ಗೋಡೆ ಸೀಳಿದರೆ ಅದನ್ನು ಕೊರೆದು ತೆಗೆದು, ಆ ಜಾಗದಲ್ಲಿ ಕೂರಿಸುವ ಗಟ್ಟಿ ಬೀಡುಕಬ್ಬಿಣದ ಕೊಳವೆಗೆ ದೊಡ್ಡಪ್ಪ ಇಟ್ಟ ಹೆಸರು ತೋಳು. "ಅಂಗಿಗಾದ್ರೆ ತೋಳು, ಎಂಜಿನ್ನಿಗಾದ್ರೆ ಸ್ಲೀವಾ? ಅದನ್ನೇನು ಕಾಲೇಜಿಗೆ ಕಳಿಸಿದ್ದಾರಾ?" ಎಂಬುದು ಅವರ ವಾದ.

ಅವನ ಕಾರು ಚಿಕ್ಕದು, ಆಸೆ ದೊಡ್ಡದು. ಸಂತೆಗೆ ಹೋಗಿಬರಲು ಮಾಡಿದ ಎಂಜಿನ್ನಿಗೆ ಟರ್ಬೊ ಕಟ್ಟಿ, ಮೂರು ಪಟ್ಟು ಶಕ್ತಿ ಹಿಂಡಿದ್ದ. ನಾಲ್ಕು ಸಿಲಿಂಡರುಗಳಲ್ಲಿ ಎರಡರ ನಡುವಿನ ಗೋಡೆ ಕೂದಲೆಳೆಯಷ್ಟು ಬಿರಿದಿತ್ತು. ದೊಡ್ಡಪ್ಪ ಅಂದೇ ಅವನಿಗೆ ಟರ್ಬೊ ಎಂದು ನಾಮಕರಣ ಮಾಡಿ ಮುಗಿಸಿದರು.

"ಇಷ್ಟು ತೆಳ್ಳಗಿನ ಗೋಡೆ ಮೇಲೆ ಅಷ್ಟು ಒತ್ತಡ ಹಾಕಿದ್ದೀರಲ್ಲ, ಕರುಣೆ ಇಲ್ವಾ ನಿಮಗೆ?" ಅವಳು ಬಿರುಕಿನ ಮೇಲೆ ಬೆರಳಾಡಿಸಿದಳು.

"ತಡ್ಕೊಳ್ಳತ್ತೆ ಅಂದ್ಕೊಂಡೆ ಮೇಡಂ."

"ಗೋಡೆ ಹೇಳಿತ್ತಾ?"

"ಗೋಡೆಗಳು ಹೇಳಲ್ವಲ್ಲ."

"ಹೇಳ್ತವೆ. ಬಿರುಕು ಬಿಡೋ ಮೊದಲು ಸ್ವಲ್ಪ ಉಬ್ಬುತ್ತವೆ. ನೀವು ಕೇಳಿಸ್ಕೊಳ್ಳೋದಿಲ್ಲ, ಅಷ್ಟೇ."

ಅವನು ಬ್ಲಾಕನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದ. ಅವಳಿಗೆ ಗೊತ್ತಿತ್ತು. ಅಳತೆಯ ಕಡ್ಡಿಯನ್ನು ಅದೇ ರಂಧ್ರದಲ್ಲಿ ಮತ್ತೊಮ್ಮೆ ಇಳಿಸಿದಳು. ಮೊದಲ ಸಲ ಅಂಕಿ ಓದಿದ್ದರೂ ಅದು ತಲೆಗೆ ಹೋಗಿರಲಿಲ್ಲ.

ಆಮೇಲೆ ಅವನು ಬರತೊಡಗಿದ. ಬ್ಲಾಕು ಒಲೆಯ ಮೇಲಿನ ಹಾಲಲ್ಲ, ಉಕ್ಕಿ ಹೋಗುವುದಿಲ್ಲ, ಕಾಯುತ್ತ ಕೂರಬೇಕಿಲ್ಲ ಎಂದು ದೊಡ್ಡಪ್ಪ ಹೇಳಿದರೂ ಬಂದ. ಬಾಗಿಲ ಬಳಿಯ ಮುರುಕು ಸ್ಟೂಲು ಅವನದಾಯಿತು. ಹಳೆಯ ಗೋಡೆಗಳನ್ನು ಅವಳು ಕೊರೆಯುವಾಗ ಅಲ್ಯೂಮಿನಿಯಂ ಸುರುಳಿ ಸುರುಳಿಯಾಗಿ ಬೀಳುತ್ತಿತ್ತು. ಒಂದು ಸುರುಳಿಯನ್ನು ಅವನು ಎತ್ತಿ ಬೆಳಕಿಗೆ ಹಿಡಿದ. "ನಿಮ್ಮ ಕೂದಲಿನ ಥರ ಇದೆ."

"ಮುಟ್ಟಿದ್ರೆ ಕೈ ಕುಯ್ಯತ್ತೆ," ಅಂದಳು.

"ಅದನ್ನೂ ಸೇರಿಸೇ ಹೇಳಿದ್ದು ಮೇಡಂ."

ಅವಳು ಕಣ್ಣಿನ ನಗು ಕಾಣಬಾರದೆಂದು ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಏರಿಸಿದಳು.

ಒಂದು ದಿನ ಚಹಾ ಕುಡಿಯುತ್ತ ಅವನು ಹೇಳಿದ. ಬರಲಿರುವ ಬೆಟ್ಟದ ರೇಸಿಗೆ ಕಡಲಾಚೆಯ ತಂಡವೊಂದರ ಯಜಮಾನರು ಬರುತ್ತಾರಂತೆ. ಈ ಕಾರು ತುದಿ ಮುಟ್ಟಿ ಗೆದ್ದರೆ ಕಾರನ್ನೂ ಅವನನ್ನೂ ಕರೆದುಕೊಂಡು ಹೋಗುತ್ತಾರಂತೆ. ಎಂಜಿನ್ ಪಳಗಿಸುವ ಕೆಲಸ. ಹುಡುಗನಾಗಿದ್ದಾಗಿನಿಂದ ಕಂಡ ಕನಸು.

"ಒಳ್ಳೇದಾಯ್ತಲ್ಲ," ಅಂದಳು ಅವಳು. ಚಹಾ ತಣ್ಣಗಾಗಿತ್ತು. ಕುಡಿದು ಮುಗಿಸಿದಳು.

ಅಂದಿನಿಂದ ಅವಳ ಕೈ ಮಾಡುತ್ತಿದ್ದುದು ಒಂದು, ಎದೆ ಬೇಡುತ್ತಿದ್ದುದು ಇನ್ನೊಂದು. ಗೋಡೆ ಗಟ್ಟಿಯಾದಷ್ಟೂ ಅವನು ದೂರ. ಅವನನ್ನು ಕಳಿಸುವ ಗಾಡಿಗೆ ತಾನೇ ಕೀಲೆಣ್ಣೆ ಹಾಕುತ್ತಿದ್ದಳು.

ತೋಳು ಕೂರಿಸುವ ದಿನ ಬಂತು. ಬ್ಲಾಕನ್ನು ದೊಡ್ಡ ಓವನ್ನಿನಲ್ಲಿ ಕಾಯಿಸಿದ್ದರು, ತೋಳುಗಳನ್ನು ಮಂಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಕಾದದ್ದು ಅರಳುತ್ತದೆ, ತಣಿದದ್ದು ಕುಗ್ಗುತ್ತದೆ. ಆ ಒಂದು ಗಳಿಗೆ ಮಾತ್ರ ತೋಳು ನೀರಿಗೆ ಬಿದ್ದ ಉಂಗುರದಂತೆ ಒಳಗಿಳಿಯುತ್ತದೆ. ಆಮೇಲೆ ಬ್ಲಾಕು ಅದನ್ನು ಅಪ್ಪಿ ಹಿಡಿದರೆ ಬಿಡುವ ಮಾತಿಲ್ಲ. ನಾಲ್ಕೂ ತೋಳುಗಳ ಅಗಲ ಅಂಚುಗಳು ಮೇಲ್ಗಡೆ ಹೆಗಲಿಗೆ ಹೆಗಲು ಕೊಟ್ಟು ನಿಲ್ಲಬೇಕು. ಆಗ ಎಷ್ಟು ಒತ್ತಡ ಬಂದರೂ ಒಂದು ಗೋಡೆ ಅಲುಗಿದರೆ ಇನ್ನೊಂದು ತಡೆಯುತ್ತದೆ.

"ಕೈ ತಡೆದ್ರೆ ಕೆಟ್ಟಿ," ಅಂದರು ದೊಡ್ಡಪ್ಪ, ಎಂದಿನಂತೆ. "ಯೋಚನೆ ಬೇಡ. ಮಾತು ಬೇಡವೇ ಬೇಡ."

ಮೊದಲನೆಯದು ಇಳಿಯಿತು. ಎರಡನೆಯದು. ಮೂರನೆಯದು. ಅವನು ಟಾರ್ಚ್ ಹಿಡಿದು ಪಕ್ಕದಲ್ಲೇ ನಿಂತಿದ್ದ. ಅವಳು ನಾಲ್ಕನೆಯದನ್ನು ಎತ್ತಿಕೊಂಡು ಬಗ್ಗಿದಳು. ಕೈಗವಸಿನ ಮೇಲ್ಗಡೆ ಬರಿಯ ಮುಂಗೈ ಕಾದ ಅಂಚಿಗೆ ತೀರಾ ಹತ್ತಿರ ಹೋಯಿತು.

"ಏ, ನಿನ್ನ ಕೈ!"

ನಿನ್ನ.

ಇಷ್ಟು ದಿನ ನೀವು, ನಿಮ್ಮ, ಮೇಡಂ. ಆ ಬೇಲಿಯನ್ನು ಅವನು ಒಂದೇ ನೆಗೆತಕ್ಕೆ ದಾಟಿ ಈಚೆ ಬಂದು ನಿಂತಿದ್ದ. ಅವಳ ಕೈ ಅರೆ ಉಸಿರಿನಷ್ಟು ಹೊತ್ತು ನಿಂತಿತು. ಅಷ್ಟು ಸಾಕಾಗಿತ್ತು. ತೋಳು ಹೆಬ್ಬೆರಳಿನಷ್ಟು ಮೇಲೆಯೇ ಕಚ್ಚಿಕೊಂಡಿತು. ಒತ್ತಿದಳು, ಬಡಿದಳು. ಕದಲಲಿಲ್ಲ.

ದೊಡ್ಡಪ್ಪ ಅವಳನ್ನು ಪಕ್ಕಕ್ಕೆ ಕರೆದರು.

"ಬೇಕಂತ ನಿಲ್ಲಿಸಿದ್ಯಾ?"

"ದೊಡ್ಡಪ್ಪಾ!"

"ಕೇಳ್ದೆ ಅಷ್ಟೇ. ಮದುವೆಗೆ ಮೊದಲು ನಾನು ಪರವೂರಿಗೆ ಹೊರಟಾಗೆಲ್ಲ ನಿನ್ನ ದೊಡ್ಡಮ್ಮ ಸೈಕಲ್ ಗಾಳಿ ತೆಗೀತಿದ್ಲು. ನಾನೂ ಪಂಪು ಮನೇಲೇ ಮರೆತು ಹೋಗ್ತಿದ್ದೆ."

ಅವಳಿಗೆ ನಗು ಬರಲಿಲ್ಲ. ಬೇಕಂತಲೋ ಅಲ್ಲವೋ, ಅವಳಿಗೇ ತಿಳಿದಿರಲಿಲ್ಲ.

ಅವನು ಸ್ಟೂಲಿನ ಮೇಲೆ ಕೂತಿದ್ದ. "ಬಿಡಿ ಮೇಡಂ. ಹೊಸ ತೋಳು ಬರೋಷ್ಟರಲ್ಲಿ ರೇಸ್ ಮುಗಿದಿರತ್ತೆ. ಮುಂದಿನ ವರ್ಷ ನೋಡೋಣ."

ಮತ್ತೆ 'ಮೇಡಂ'. ಆದರೆ ಅವನ ಮುಖದಲ್ಲಿ ಇರಬೇಕಾದಷ್ಟು ದುಃಖ ಇರಲಿಲ್ಲ.

ಬೇಡಿದ್ದು ಅಂಗೈಗೇ ಬಂದು ಬಿದ್ದಿತ್ತು. 'ಸರಿ' ಎಂದರೆ ಒಂದು ವರ್ಷ ಅವಳದು. ಆ ಸ್ಟೂಲು, ಆ ಚಹಾ, ಆ ನೋಟ ಎಲ್ಲ ಅವಳದು. ಬಾಯಿ ತೆರೆದಳು. ಒಂದು ತಪ್ಪಿನಿಂದ ಉಳಿದುಕೊಂಡವನನ್ನು ದಿನಾ ಬೆಳಗಾದರೆ ಹೇಗೆ ನೋಡಲಿ? ಒಳಗೊಳಗೇ ಉಬ್ಬುವ ಗೋಡೆ ಒಂದು ದಿನ ಬಿರಿಯದೆ ಇದ್ದೀತೆ?

"ಉಗ್ರಾಣದಲ್ಲಿ ತೋಳಿನ ಒರಟು ಎರಕ ಒಂದಿದೆ," ಅಂದಳು. "ನಾನೇ ಲೇತಲ್ಲಿ ಕಡೀತೀನಿ."

ಸಿಕ್ಕಿಕೊಂಡ ತೋಳನ್ನು ಒಳಗಿನಿಂದ ಕೊರೆಯುತ್ತ ಕೊರೆಯುತ್ತ ಕಾಗದದಷ್ಟು ತೆಳುವಾಗಿಸಿ, ಬ್ಲಾಕಿಗೆ ಗೀರು ಬೀಳದಂತೆ ಸುಲಿದು ತೆಗೆದಳು. ಒರಟು ಎರಕವನ್ನು ಲೇತಿಗೆ ಕಟ್ಟಿದಳು. ಬೂದು ಪುಡಿ ಉದುರತೊಡಗಿತು. ಅವನು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡ.

"ಆವತ್ತು ಕೈ ಯಾಕೆ ನಿಂತಿತು?"

ಅವಳು ಅಳತೆ ಓದಿದಳು. ಮತ್ತೊಮ್ಮೆ ಓದಿದಳು.

"ನೀವು 'ನಿನ್ನ' ಅಂದ್ರಿ."

ಲೇತ್ ತಿರುಗುತ್ತಲೇ ಇತ್ತು.

"ತಪ್ಪಾಯ್ತು."

"ತಪ್ಪು ಅಂದ್ನಾ? ಅಂದ್ರಿ ಅಂತ ಹೇಳ್ದೆ."

"ಮನಸ್ಸಲ್ಲಿ ಯಾವತ್ತಿಂದಲೋ ಹಾಗೇ ಕರೀತಿದ್ದೆ," ಅಂದ ಅವನು, ನೆಲ ನೋಡುತ್ತ. "ಆವತ್ತು ಬಾಗಿಲು ತೆಗೆದಿತ್ತು, ಹೊರಗೆ ಬಂದ್ಬಿಡ್ತು." ತಲೆ ಎತ್ತದೆಯೇ ಕೇಳಿದ: "ಇದನ್ನ ಕೂರಿಸಿದ್ರೆ ನಾನು ಹೋಗಬೇಕಾಗತ್ತೆ. ಗೊತ್ತಲ್ವಾ?"

"ಗೊತ್ತಿದ್ದೇ ಕಡೀತಿದ್ದೀನಿ."

ಅವನು ತಲೆ ಎತ್ತಿದ. ಈ ಸಲ ಅವಳು ಕಣ್ಣು ತಪ್ಪಿಸಲಿಲ್ಲ. ಅವಳ ರೆಪ್ಪೆಯ ಮೇಲೆ ಬೀಡುಕಬ್ಬಿಣದ ಪುಡಿ ಕೂತಿತ್ತು. ಒರೆಸಲೆಂದು ಅವನ ಕೈ ಮೇಲಕ್ಕೆ ಬಂತು. ಹತ್ತಿರ ಬಂದು ಗಾಳಿಯಲ್ಲೇ ನಿಂತಿತು. ಉಗುರಿನಷ್ಟು ಅಂತರ ಉಳಿದಿತ್ತು. ಅದನ್ನು ಯಾರೂ ದಾಟಲಿಲ್ಲ.

"ಕೆಲಸ ಕೆಡತ್ತೆ," ಅಂದಳು ಅವಳು, ಮೆಲ್ಲಗೆ.

ಹೊಸ ತೋಳು ಕೂರಿಸುವಾಗ ದೊಡ್ಡಪ್ಪ ಅವನನ್ನು ಹೊರಗೆ ಅಟ್ಟಿದರು. "ಟರ್ಬೊ, ಬೀದಿಯಲ್ಲಿ ನಿಂತ್ಕೋ. ನಿನ್ನ ಬಾಯಿ ನಂಬೋ ಹಾಗಿಲ್ಲ." ಅವನು ಕಿಟಕಿಯ ಆಚೆ ನಿಂತ. ಒಳಗೆ ಒಮ್ಮೆ ಟಣ್ ಎಂದಿತು. ತೋಳು ತಳ ಮುಟ್ಟಿದ ಸದ್ದು. ಅವಳು ಕಿಟಕಿಯತ್ತ ತಿರುಗಿದಾಗ ಅವನು ಕಣ್ಣು ಮುಚ್ಚಿಕೊಂಡಿದ್ದ.

ಬ್ಲಾಕಿನ ಮೇಲ್ಮೈ ಸಮ ಮಾಡಿ, ಒಳಗೋಡೆಗಳನ್ನು ಉಜ್ಜಿ ನುಣುಪಾಗಿಸಿ ಕೊಟ್ಟಳು. ಅವನು ಎಂಜಿನ್ ಜೋಡಿಸಿದ. ಗೆದ್ದ. ಗೆದ್ದನೆಂದು ಅವಳಿಗೆ ತಿಳಿದದ್ದು ದೊಡ್ಡಪ್ಪ ಕುಣಿದಾಗ. ಅವಳು ಆಗ ಯಾರದೋ ಪಂಪ್‌ಸೆಟ್ಟಿನ ಬ್ಲಾಕು ಅಳೆಯುತ್ತಿದ್ದಳು. ಅಳತೆಯ ಕಡ್ಡಿ ಕೆಳಗಿಟ್ಟು ಹಿತ್ತಿಲಿಗೆ ಹೋಗಿ ಮುಖ ತೊಳೆದು ಬಂದಳು. ಸಂತೋಷಕ್ಕೂ ಮುಖ ತೊಳೆಯಬೇಕಾಗುತ್ತದೆ.

ಹೊರಡುವ ದಿನ ಅವನು ಅದೇ ಕಾರಿನಲ್ಲಿ ಬಂದ. ಬಂದರಿಗೆ ಹೋಗಬೇಕಿತ್ತು, ಕಾರನ್ನೂ ಹಡಗಿಗೆ ಏರಿಸುತ್ತಾರೆ. ದೊಡ್ಡಪ್ಪನ ಕಾಲು ಮುಟ್ಟಲು ಬಗ್ಗಿ ಬೈಸಿಕೊಂಡ. ಆಮೇಲೆ ಅವಳೆದುರು ನಿಂತ.

"ಬರ್ತೀನಿ ಮೇಡಂ."

"ಹೋಗು," ಅಂದಳು ಅವಳು.

ಹೋಗಿ ಅಲ್ಲ, ಹೋಗು. ಹೊರಡು ಎಂದು ಹೇಳಿಸಿಕೊಂಡು ಲೋಕದಲ್ಲಿ ಯಾರೂ ಅವನ ಹಾಗೆ ನಕ್ಕಿರಲಾರರು.

"ಇದೇನು, ಬರೀ ಹೋಗು ಅಂತೀಯಾ? ಹೋಗಿ ಬಾ ಅನ್ಬೇಕು."

"ಬರೋದು ನಿನಗೆ ಬಿಟ್ಟಿದ್ದು. ನಾನ್ಯಾಕೆ ಅಪ್ಪಣೆ ಕೊಡ್ಲಿ?"

ಅವನು ಇನ್ನಷ್ಟು ಹೊತ್ತು ಕಾದ. ಅವಳು ಕೈಯ ಎಣ್ಣೆಯನ್ನು ಬಟ್ಟೆಗೆ ಒರೆಸುತ್ತ ನಿಂತಳು. ಕಾರು ಹತ್ತಿದ. ಎಂಜಿನ್ ಎದ್ದಿತು. ನಾಲ್ಕು ಸಿಲಿಂಡರುಗಳೂ ಒಂದೇ ಶ್ರುತಿಯಲ್ಲಿದ್ದವು. ಎಲ್ಲೂ ಕುಂದಿಲ್ಲ ಎಂದು ಅವಳ ಕಿವಿ ತೀರ್ಪು ಕೊಟ್ಟಿತು, ಎದೆ ಒಪ್ಪಲಿಲ್ಲ. ಕಾರು ಬೀದಿಯ ತಿರುವು ತಲುಪಿತು.

ಅವಳು ಕೈಯಲ್ಲಿದ್ದ ಬಟ್ಟೆ ಬಿಸಾಡಿ ಓಡಿದಳು.

"ಬಾ!"

ಬ್ರೇಕ್ ಕಿರುಚಿತು. ಅಷ್ಟು ದೂರವನ್ನೂ ಕಾರು ಹಿಂದು ಹಿಂದಕ್ಕೆ, ಸೊಟ್ಟ ಸೊಟ್ಟಗೆ ಬಂತು. ಅವನು ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಏದುಸಿರು ಬಿಡುತ್ತಿದ್ದ, ತಾನೇ ಓಡಿಬಂದವನಂತೆ.

"ಕರೆದ್ಯಾ? ನಿಂತ್ಬಿಡ್ಲಾ?"

"ಇಲ್ಲ," ಅಂದಳು ಅವಳು. "ಆಗ ಅರ್ಧಕ್ಕೇ ನಿಂತಿತ್ತಲ್ಲ ಮಾತು. ಮುಗಿಸಿದೆ."

ಅವನು ಗೇರಿನ ಮೇಲೆ ಕೈಯಿಟ್ಟ. ತುಂಬ ಹೊತ್ತು ಯಾವ ಗೇರೂ ಹಾಕಲಿಲ್ಲ.