ಒಣ ಬಟ್ಟಲಿಗೆ ಬಿದ್ದ ಹನಿ

ಟಪ್.

ಪೂನಂ ಕಣ್ಣು ತೆರೆದಳು. ರಾತ್ರಿ ಎರಡು ದಾಟಿತ್ತು.

ಹನಿ ಬೀಳುವ ಸದ್ದು ಅವಳಿಗೆ ಹೊಸದಲ್ಲ. ಹನ್ನೊಂದು ತಿಂಗಳಿಂದ ಅವಳ ಕೋಣೆಯ ಮೂಲೆಯಲ್ಲಿ, ಸಲೈನ್ ಬಾಟಲಿಯಿಂದ ಒಂದು ಕಲ್ಲಿನ ಮೇಲೆ ನೀರು ತೊಟ್ಟಿಕ್ಕುತ್ತಲೇ ಇತ್ತು. ಆ ಮೆತ್ತನೆಯ ಸದ್ದಿಲ್ಲದಿದ್ದರೆ ಅವಳಿಗೆ ನಿದ್ದೆಯೇ ಬರುತ್ತಿರಲಿಲ್ಲ.

ಆದರೆ ಇದು ಆ ಸದ್ದಲ್ಲ... ಇದು ಖಾಲಿ ಸ್ಟೀಲ್ ಬಟ್ಟಲಿಗೆ ಹನಿ ಬಿದ್ದ ಸದ್ದು!

ಅವಳು ಹಾಸಿಗೆಯಲ್ಲೇ ಉಸಿರು ಬಿಗಿಹಿಡಿದು ಕುಳಿತಳು. 'ಇಲ್ಲ. ಹಲ್ಲಿ ಇರಬೇಕು. ಅಮ್ಮ ಅಡುಗೆಮನೆಯಲ್ಲಿ ಚಮಚೆ ಬೀಳಿಸಿರಬೇಕು...'

ಟಪ್.

ಎದ್ದು ದೀಪ ಹಾಕಿದಳು. ಎರಡು ಇಟ್ಟಿಗೆಗಳ ಮೇಲೆ, ತಲೆದಿಂಬಿನಷ್ಟು ದೊಡ್ಡ ಮರಳುಗಲ್ಲು ಮಲಗಿತ್ತು. ಅದರ ನಟ್ಟನಡುವೆ ಬೂದು ಬಣ್ಣದ ಗೆರೆ. ಎಡಗಡೆ ನೀರು ಬೀಳುತ್ತದೆ, ಕಲ್ಲು ಕುಡಿಯುತ್ತದೆ, ಕೆಳಗಿನ ಬಟ್ಟಲು ತುಂಬುತ್ತದೆ. ಬಲಗಡೆಯ ಬಟ್ಟಲು ಮಾತ್ರ ಹನ್ನೊಂದು ತಿಂಗಳಿಂದ ಒಣ ಒಣ. ನೀರು ಆ ಗೆರೆ ದಾಟುವುದಿಲ್ಲ. ಅವಳ ಪಿಎಚ್‌ಡಿಯ ಕೊನೆಯ ಅಧ್ಯಾಯ ನಿಂತಿದ್ದೇ ಆ ಒಣ ಬಟ್ಟಲಿನ ಮೇಲೆ. ಪ್ರಬಂಧವನ್ನು ಕಲಬುರಗಿ ವಿಶ್ವವಿದ್ಯಾಲಯಕ್ಕೆ ಒಪ್ಪಿಸಲು ಉಳಿದಿದ್ದು ಇನ್ನು ಇಪ್ಪತ್ತೇ ದಿನ.

ಈಗ ಆ ಬಟ್ಟಲಿನಲ್ಲಿ ಎರಡು ಹನಿ ಮಿನುಗುತ್ತಿದ್ದವು.

ಅವಳು ನೆಲಕ್ಕೆ ಮುಖವಿಟ್ಟು ಕಲ್ಲಿನ ತಳ ನೋಡಿದಳು. ಗೆರೆಯುದ್ದಕ್ಕೂ ಹಳದಿ ಎಳೆಯೊಂದು ಬಿಟ್ಟುಕೊಂಡಿತ್ತು. ಪಿನ್ನಿನಿಂದ ಕೆರೆದಳು. ಉಗುರು ಕತ್ತರಿಸಿದಂತೆ ಸುರುಳಿ ಸುತ್ತಿ ಬಂತು.

ಕಲ್ಲು ಕೆರೆದರೆ ಪುಡಿಯಾಗುತ್ತದೆ. ಸುರುಳಿ ಸುತ್ತುವುದಿಲ್ಲ.

ಮೂಗಿಗೆ ಹಿಡಿದಳು. ಆ ವಾಸನೆ ಅವಳಿಗೆ ಗೊತ್ತಿತ್ತು. ಹುಮನಾಬಾದಿನ ಒಂದೇ ಒಂದು ಶೆಡ್ಡಿನಲ್ಲಿ, ಒಂದೇ ಒಂದು ಅಂಗಿಯ ಮೇಲೆ ಬರುತ್ತಿದ್ದ ಆ ವಾಸನೆ...

ಗುರುಶಾಂತ!

* * *

ಅವನ ಪರಿಚಯವಾಗಿದ್ದೂ ಈ ಕಲ್ಲಿನಿಂದಲೇ.

ಪೂನಂ ಬಸವಕಲ್ಯಾಣದವಳು. ಮೂವತ್ತೊಂದು ವರ್ಷ. ಹುಮನಾಬಾದಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಬಾದಾಮಿಯ ಕಡೆಯಿಂದ ಆ ಕಲ್ಲನ್ನು ಕಂಬಳಿಯಲ್ಲಿ ಸುತ್ತಿ, ಮೂರು ಬಸ್ಸು ಬದಲಿಸಿ ತಂದಿದ್ದಳು. ಅದನ್ನು ಸಮವಾಗಿ ಕೊಯ್ಯಿಸಲೆಂದು ಗುರುಶಾಂತನ ಕಲ್ಲು ಕೊಯ್ಯುವ ಶೆಡ್ಡಿಗೆ ಹೋದಾಗ, ಅವನು ಗೆರೆಯ ಮೇಲೆ ಹೆಬ್ಬೆರಳು ಆಡಿಸಿ ತಲೆ ಅಲ್ಲಾಡಿಸಿದ್ದ.

"ಈ ಕಲ್ಲಿನ್ಯಾಗ ಎಂದೋ ದೊಡ್ಡ ಜಗಳ ಆಗ್ಯಾದ್ರಿ ಮೇಡಮ್."

ಅವಳು ಎಷ್ಟೋ ತಿಂಗಳ ನಂತರ ನಕ್ಕಿದ್ದಳು. "ಖರೇ ಅದರಿ. ಭೂಮಿ ಒಳಗ ಬಂಡೆಗಲ್ಲು ಸೀಳಿ, ಒಂದು ಕಡೆ ಜರಗ್ಯಾದ. ಸ್ತರಭಂಗ ಅಂತೀವಿ."

"ಹಂಗಾರ ನೀರು ಇದ್ರಾಗೇ ಹರೀತದ. ನಮ್ಮ ಕಡಿ ಬೋರ್ ಹೊಡಸೋರು ಸೀಳಿದ್ದಲ್ಲೇ ನೀರು ಹುಡುಕ್ತಾರ."

"ನಮ್ಮ ಕರಿಕಲ್ಲಿನ್ಯಾಗ ಹಂಗ. ಮರಳುಗಲ್ಲಿನ್ಯಾಗ ಎರಡೂ ಕಡಿ ತಿಕ್ಕಾಡಿ ಮರಳು ಹಿಟ್ಟಾಗಿಬಿಡ್ತದ್ರಿ. ಆ ಹಿಟ್ಟು ಗಟ್ಟಿಯಾಗಿ ಗ್ವಾಡಿ ಆಗ್ತದ. ನೀರು ಆಚಿ ಹೋಗೂದಿಲ್ಲ."

ಅವನು ಕಲ್ಲನ್ನೂ ನೋಡಿದ್ದ, ಅವಳನ್ನೂ ನೋಡಿದ್ದ. "ತಿಕ್ಕಾಡಿದವರು ಹಂಗೇ ಆಗ್ತಾರೇನ್ರಿ?"

ಅವಳು ಬಗ್ಗಿ ಕಂಬಳಿ ಮಡಚತೊಡಗಿದ್ದಳು.

ಆಮೇಲೆ ಪ್ರತಿ ಸೋಮವಾರ ಬಸವಕಲ್ಯಾಣಕ್ಕೆ ನೆಲಗಲ್ಲು ಇಳಿಸಲು ಬಂದಾಗ ಅವನು ಇವರ ಮನೆಗೂ ಬರುತ್ತಿದ್ದ. 'ಕಲ್ಲು ಹ್ಯಾಂಗದ ನೋಡಿ ಹೋಗ್ತೀನ್ರಿ' ಎನ್ನುತ್ತಿದ್ದ. ಅಪ್ಪ ಬಕ್ಕಪ್ಪನ ಸೊಯಾಬೀನ್ ಬೆಳೆಯ ಕಥೆ ಕೇಳುತ್ತ ಚಹಾ ಕುಡಿಯುತ್ತಿದ್ದ. ಪೂನಂ ಸೋಮವಾರಗಳಲ್ಲಿ ಇಸ್ತ್ರಿ ಮಾಡಿದ ಸೀರೆ ಉಡತೊಡಗಿದ್ದಳು. ಅದನ್ನು ಅಮ್ಮ ಸಂಗಮ್ಮ ಗಮನಿಸಿದ್ದಳು. ಅಮ್ಮ ಗಮನಿಸಿದ್ದನ್ನು ಪೂನಂ ಗಮನಿಸಿದ್ದಳು...

'ಅಂದರೆ ಅವನು ನೋಡಲು ಬರುತ್ತಿದ್ದದ್ದು ಏನನ್ನು?'

ಬೆಳಗಿನ ತನಕ ಅವಳು ಬಟ್ಟಲ ಮುಂದೆ ಕುಳಿತಿದ್ದಳು. ಅಳು ಬರಲಿಲ್ಲ. ಅಳುವುದಕ್ಕೂ ಸ್ವಲ್ಪ ಶಕ್ತಿ ಬೇಕು.

"ಎದ್ದೇನ?" ಸಂಗಮ್ಮ ಬಾಗಿಲಲ್ಲಿ ಇಣುಕಿದಳು. "ಎಷ್ಟು ವರ್ಷ ಆ ಕಲ್ಲಿಗಿ ನೀರು ಕುಡಸ್ತಿ ಯವ್ವಾ? ಒಂದು ಗಿಡಕ್ಕ ಹಾಕಿದ್ರ ಇಷ್ಟೊತ್ತಿಗಿ ಹಣ್ಣರ ಬಿಡ್ತಿತ್ತು."

"ಬಸ್ಸಿಗಿ ಹೊತ್ತಾಯ್ತಬೇ," ಎಂದಷ್ಟೇ ಅಂದಳು ಪೂನಂ.

* * *

ಹುಮನಾಬಾದಿನ ಬಸ್ಸು ಸಸ್ತಾಪುರ ಬಂಗ್ಲಾ ದಾಟಿತು. ರಾಜೇಶ್ವರ ದಾಟಿತು. ಕಿಟಕಿಗೆ ತಲೆಯಾನಿಸಿ ಅವಳು ಒಂದೊಂದೇ ಮಾತು ಜೋಡಿಸುತ್ತಿದ್ದಳು, ಒಂದೊಂದೇ ಅಳಿಸುತ್ತಿದ್ದಳು. ಜೋರಾಗಿ ಮಾತಾಡಬಾರದು. ಅವನ ಮುಖ ನೋಡಬಾರದು.

ಶೆಡ್ಡಿನ ಬಾಗಿಲಲ್ಲೇ ಹಳೆಯ ಆಳು ಮಡೆಪ್ಪ ಸಿಕ್ಕ.

"ಬರ್ರಿ ಮೇಡಮ್ಮಾರ! ಸೋಮವಾರಕ್ಕ ನಮ್ಮ ಮಾಲಕರೇ ನಿಮ್ಮ ಕಡಿ ಬರ್ತಾರಲ್ರಿ, ಇವತ್ತು ಸೂರ್ಯ ಯಾ ಕಡಿ ಹುಟ್ಯಾನ?"

ಅವಳು ನಗಲಿಲ್ಲ. ಮಡೆಪ್ಪ ಒಮ್ಮೆ ಅವಳನ್ನು, ಒಮ್ಮೆ ಒಳಗೆ ಯಂತ್ರದ ಮುಂದಿದ್ದ ಗುರುಶಾಂತನನ್ನು ನೋಡಿದ. "ನಾ... ಚಾ ತರ್ತೀನ್ರಿ," ಎಂದು ಹೊರಟುಬಿಟ್ಟ.

ಗುರುಶಾಂತ ಯಂತ್ರ ನಿಲ್ಲಿಸಿದ. ಮೊಣಕೈವರೆಗೆ ಬೂದು ಕೆಸರು. ಅವಳನ್ನು ನೋಡಿ ಅರಳಿದ ಮುಖ, ಅವಳು ಬಿಚ್ಚಿದ ಕಾಗದದ ಪೊಟ್ಟಣ ನೋಡಿ ಅಲ್ಲಿಗೇ ನಿಂತಿತು. ಅದರಲ್ಲಿ ಹಳದಿ ಸುರುಳಿಯಿತ್ತು.

ಏನದು ಎಂದು ಅವನು ಕೇಳಲಿಲ್ಲ.

"ಬಿಟ್ಟಿತೇನ್ರಿ?" ಎಂದ ಮೆಲ್ಲಗೆ. "ಎಂದಾರ ಒಂದಿನ ಬಿಡ್ತದಂತ ಗೊತ್ತಿತ್ತು."

ಜೋಡಿಸಿ ತಂದ ಮಾತುಗಳೆಲ್ಲ ಅವಳ ಬಾಯಿಂದ ಹಾರಿಹೋದವು.

"ಗೊತ್ತಿತ್ತು! ಹನ್ನೊಂದು ತಿಂಗಳು... ನಾ ದಿನಾ ನಾಕು ಸಲ ಆ ಬಟ್ಟಲ ನೋಡೀನ್ರಿ. ಜ್ವರ ಬಂದಾಗೂ ನೋಡೀನಿ. ನೀರು ತಡದದ್ದು ಕಲ್ಲೋ ನಿಮ್ಮ ಅಂಟೋ? ಈಗ ಯಾರನ್ನ ಕೇಳ್ಲಿ?"

"ಕೊಯ್ಯುವಾಗ ಒಡೀತ್ರಿ. ಆ ಗೆರಿ ಹಿಡದೇ ಒಡೀತು." ಅವನು ಟವೆಲ್ಲಿನಿಂದ ಕೈ ಒರೆಸುತ್ತಲೇ ಇದ್ದ, ಕೆಸರು ಹೋದ ಮೇಲೂ. "ಒಡದ ಕಲ್ಲು ಯಾರ ಮನಿಗೂ ಕಳಸಬಾರದು, ಮನಿಗಿ ಒಳ್ಳೇದಲ್ಲ ಅಂತ ನಮ್ಮಪ್ಪ ಕಲಿಸಿದ್ದ. ಕಲ್ಲಿನ ಪುಡೀನೇ ಅಂಟಿನ್ಯಾಗ ಕಲಸಿ ತುಂಬಿ, ತಿಕ್ಕಿ ಕೊಡ್ತೀವಿ. ಎಲ್ಲಾರೂ ಹಂಗೇ ಮಾಡೂದು. ಅದ್ರಾಗ ನೀವು ಆ ಕಲ್ಲ ಕೂಸಿನಂಗ ಕಂಬಳ್ಯಾಗ ಸುತ್ತಿ ತಂದಿದ್ರಿ... ಒಡದದ ಅಂತ ಹ್ಯಾಂಗ ಹೇಳ್ಲಿ?"

"ಆಮ್ಯಾಲ? ಅದು ಯಾಕ ಬೇಕಂತ ನಾನೇ ಕುಂಡ್ರಿಸಿ ತಿಳಿಸಿ ಹೇಳಿದ್ನೆಲ್ಲ!"

"ಎರಡು ತಿಂಗಳಾದ ಮ್ಯಾಲ ಹೇಳಿದ್ರಿ. ಒಂದ ಬಟ್ಟಲ ಎಷ್ಟು ಒಣಗ್ಯದ ನೋಡ್ರಿ ಅಂತ ತೋರಿಸಿ ನಕ್ಕಿದ್ರಿ. ಆ ನಗಿ ನೋಡಿ... ನಾ ಹೇಡಿ ಆದೆ."

ಅವಳು ಪೊಟ್ಟಣ ಮುದುಡಿದಳು. ಕೇಳಬಾರದು ಎಂದುಕೊಂಡಿದ್ದ ಮಾತೇ ಹೊರಬಿತ್ತು.

"ಒಂದು ಹೇಳ್ರಿ. ಸೋಮವಾರ ಸೋಮವಾರ ಬರ್ತಿದ್ದುದು ನನ್ನ ನೋಡಾಕೋ, ನಿಮ್ಮ ಅಂಟ ನೋಡಾಕೋ?"

ಶೆಡ್ಡಿನ ತಗಡಿನ ಮೇಲೆ ಕಾಗೆಯೊಂದು ನಡೆದಾಡಿತು.

"ಅಂಟ ನೋಡಾಕ ಒಂದು ಗಳಿಗಿ ಸಾಕ್ರಿ," ಎಂದ ಗುರುಶಾಂತ. "ನಾ ಎರಡು ತಾಸು ಕುಂದರ್ತಿದ್ದೆ. ನಿಮ್ಮಪ್ಪಾರ ಸೊಯಾಬೀನ್ ಕಥಿ ಇಪ್ಪತ್ತು ಸಲ ಕೇಳೀನಿ."

ಅವಳಿಗೆ ನಗು ಬರಬಾರದಿತ್ತು. ಬಂದದ್ದು ನಗುವೂ ಅಲ್ಲ, ಅಳುವೂ ಅಲ್ಲ. ನಿದ್ದೆಗೆಟ್ಟ ಕಣ್ಣು ತುಂಬಿದವು. ಅವಳು ತಿರುಗಿ ಹೊರಟಳು.

"ಮೇಡಮ್... ಪೂನಂ! ಒಂದು ಮಿನಿಟ. ಒಂದು ತೋರಿಸಿಬಿಡ್ತೀನಿ. ಆಮ್ಯಾಲ ಜಲ್ಮಕ್ಕ ಬರಬ್ಯಾಡ್ರಿ."

ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

* * *

ಶೆಡ್ಡಿನ ಹಿಂದೆ, ಗೋಣಿಚೀಲದ ಮರೆಯಲ್ಲಿ, ಎರಡು ಇಟ್ಟಿಗೆಗಳ ಮೇಲೆ ಇನ್ನೊಂದು ಕಲ್ಲಿತ್ತು. ರೊಟ್ಟಿ ಹಲಗೆಯಷ್ಟು ಚಿಕ್ಕದು. ನಡುವೆ ಅದೇ ಬೂದು ಗೆರೆ.

ಪೂನಂ ಗುರುತಿಸಿದಳು. ಅವಳದೇ ಕಲ್ಲಿನ ಕೊಯ್ದು ಉಳಿದ ಅಂಚು! ಸುತ್ತ ಮೇಣ ಬಳಿದಿತ್ತು, ಅವಳು ತನ್ನ ಕಲ್ಲಿಗೆ ಬಳಿದಂತೆಯೇ. ಮೇಲೆ ಸಲೈನ್ ಬಾಟಲಿ. ಕೆಳಗೆ ಎರಡು ಬಟ್ಟಲು.

"ಇದು ಒಡದಿಲ್ಲ," ಎಂದ ಅವನು. "ನೀವು ತಿಳಿಸಿ ಹೇಳಿದ ದಿನಾನೇ ಇಟ್ಟೀನಿ. ಒಂಬತ್ತು ತಿಂಗಳಾಯ್ತು. ಕಲ್ಲು ನೀರು ತಡೀತದೋ ಇಲ್ಲೋ ಅಂತ... ತಡದ್ರ ನಿಮಗ ಹೇಳೂ ಧೈರ್ಯ ಬಂದೀತು ಅಂತ."

"ತಡದದೇನು?"

ಅವನು ಬಗ್ಗಿ ತೋರಿಸಿದ. ಬಲಗಡೆಯ ಬಟ್ಟಲು ಒಣಗಿತ್ತು. ಆದರೆ ಗೆರೆಯ ಆಚೆ, ತೆಳ್ಳನೆಯ ಮೇಣದಡಿ, ಕಲ್ಲು ಒಂದು ಬೆರಳಿನಷ್ಟು ಕಪ್ಪಾಗಿತ್ತು. ತೇವ! ಅದರ ಅಂಚಿನಲ್ಲಿ ಮೇಣದ ಮೇಲೆ ಸಣ್ಣ ಸಣ್ಣ ಪೆನ್ಸಿಲ್ ಗೆರೆಗಳು, ಒಂದರ ಪಕ್ಕ ಒಂದು.

"ಒಂದೊಂದು ಸೋಮವಾರಕ್ಕ ಒಂದೊಂದು ಗೆರಿ. ನಿಮ್ಮ ಕಡಿ ಬರೂಕಿಂತ ಮೊದಲ ಹಾಕ್ತಿದ್ದೆ. ಪೂರಾ ತಡದಿಲ್ರಿ. ಬಾಳ ಸಾವಕಾಶ ದಾಟಾಕತ್ತದ. ಅದಕ್ಕ ನನ್ನ ಬಾಯಿ ಮತ್ತ ಕಟ್ಟಿತು."

ಪೂನಂ ಕೆಸರಿನಲ್ಲೇ ಮೊಣಕಾಲೂರಿ ಕುಳಿತಳು. ಪೆನ್ಸಿಲ್ ಗೆರೆ ಎಣಿಸಿದಳು. ಮೂವತ್ತೆಂಟು.

'ಒಂದು ಹನಿಯೂ ದಾಟುವುದಿಲ್ಲ' ಎಂದು ಅವಳು ಅಧ್ಯಾಯದಲ್ಲಿ ಬರೆದಿದ್ದಳು. ಅದು ಸುಳ್ಳು. ಆ ಬೂದು ಗೆರೆ ಗೋಡೆಯಲ್ಲ. ಅದು ನೀರನ್ನು ಬಿಡುತ್ತದೆ, ಒಂಬತ್ತು ತಿಂಗಳಿಗೆ ಒಂದು ಬೆರಳಿನಷ್ಟು. ಅಂಟು ಬಿಡದೇ ಇದ್ದಿದ್ದರೆ ಅವಳು ಆ ಸುಳ್ಳಿಗೇ ಪದವಿ ಪಡೆದು ಬರುತ್ತಿದ್ದಳು!

"ಇದನ್ನ ನಾ ಬರಿಯಾಕ ಬರೂದಿಲ್ಲ," ಎಂದಳು, ಕೊನೆಯ ಗೆರೆಯ ಮೇಲೆ ಬೆರಳಿಟ್ಟು. "ಇವು ನಾ ಅಳದದ್ದಲ್ಲ. ನಾನೇ ಮತ್ತ ಮೊದಲಿಂದ ಅಳೀಬೇಕು."

"ಎಷ್ಟು ದಿನ?"

"ಆರು ತಿಂಗಳು. ಎಂಟೂ ಆಗಬಹುದು." ಆ ಮಾತಿನ ಭಾರಕ್ಕೇ ಅವಳ ಭುಜ ಇಳಿಯಿತು. "ದಣದೀನ್ರಿ. ಬಾಳ ದಣದೀನಿ."

ಅವನು ಗೋಣಿಚೀಲ ಮಡಚಿ ಅವಳ ಪಕ್ಕ ಹಾಸಿದ. ತಾನು ಕೆಸರಿನಲ್ಲೇ ಕುಳಿತ.

ಅಲ್ಲಿಂದಲೇ ಅವಳು ಕಲಬುರಗಿಯ ಗೈಡ್ ಮೇಡಂಗೆ ಫೋನ್ ಮಾಡಿದಳು. ಕಲ್ಲು ಒಡೆದದ್ದು, ಅಂಟು ತುಂಬಿದ್ದು, ಹನಿ ಬಿದ್ದದ್ದು, ಎಲ್ಲವನ್ನೂ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ. ಆಚೆಯಿಂದ ದೊಡ್ಡ ನಿಟ್ಟುಸಿರು ಕೇಳಿತು. "ಬರೆದು ಕಳುಹಿಸು. ಹೆಚ್ಚಿನ ಅವಧಿ ಕೇಳೋಣ."

ಮಡೆಪ್ಪನ ಚಹಾ ಇನ್ನೂ ಬಂದಿರಲಿಲ್ಲ. ತರಲು ರಾಜೇಶ್ವರಕ್ಕೇ ಹೋದನೋ ಏನೋ!

ಕಲ್ಲಿನ ಒಂದು ಮೂಲೆಯಲ್ಲಿ ಮೇಣ ಸೀಳಿತ್ತು. ಹೊಸ ಅಳತೆ ಶುರುಮಾಡುವ ಮೊದಲು ಅದನ್ನು ಮುಚ್ಚಬೇಕಿತ್ತು. ಗುರುಶಾಂತ ಮೇಣದಬತ್ತಿ ಹಚ್ಚಿದ. ಅವಳು ಕಲ್ಲು ಹಿಡಿದಳು. ಅವನ ಕಣ್ಣು ಕಲ್ಲಿನ ಮೇಲಿರಲಿಲ್ಲ... ಬಿಸಿ ಹನಿಯೊಂದು ಅವಳ ಹೆಬ್ಬೆರಳ ಮೇಲೆ ಬಿತ್ತು.

"ಅಯ್ಯ!"

ಅವನು ಬತ್ತಿ ಬಿಸಾಕಿ ಅವಳ ಬೆರಳು ಹಿಡಿದು ಊದತೊಡಗಿದ. ಮೇಣ ಆರಿತು. ಅವನು ಊದುವುದನ್ನು ನಿಲ್ಲಿಸಿದ. ಬೆರಳು ಬಿಡಲಿಲ್ಲ. ಅವಳೂ ಎಳೆದುಕೊಳ್ಳಲಿಲ್ಲ.

"ಇನ್ನ ಮ್ಯಾಲ ಏನರ ಒಡದ್ರ," ಎಂದಳು ಅವಳು, ಕಲ್ಲನ್ನೇ ನೋಡುತ್ತ, "ಅವತ್ತೇ ಹೇಳಬೇಕು."

"ಅವತ್ತೇ ಹೇಳ್ತೀನಿ. ನಿಮ್ಮ ಮ್ಯಾಲ ಜೀವ ಅದರಿ. ಇದೂ ಹನ್ನೊಂದು ತಿಂಗಳು ತಡಾ ಆಯ್ತು."

ಅವಳು ಇನ್ನೊಂದು ಕೈಯಿಂದ ಕಲ್ಲನ್ನು ಇಟ್ಟಿಗೆಯ ಮೇಲೆ ಸರಿಮಾಡಿದಳು.

"ನನಗ ಗೊತ್ತಿತ್ತು," ಎಂದಳು. "ನಂದೂ ಹಂಗೇ ಅದ."

"ಸೋಮವಾರ ಬರ್ಲೇನ್ರಿ?"

"ಕಲ್ಲು ಇಲ್ಲೇ ಅದಲ್ರಿ. ಇನ್ನ ನಾ ಬರೂದು."

"ಆದ್ರೂ ನಾ ಬಂದ್ರ?"

"ಬಂದ್ರ... ಅಪ್ಪಾರ ಸೊಯಾಬೀನ್ ಕಥಿ ಇನ್ನೂ ಮುಗದಿಲ್ಲ."

* * *

ಸಂಜೆ ಮನೆಗೆ ಬಂದವಳ ಮುಖವನ್ನು ಸಂಗಮ್ಮ ಸೂಕ್ಷ್ಮವಾಗಿ ನೋಡಿದಳು.

"ಏನಾಯ್ತ? ಸೀರಿ ತುಂಬ ಕೆಸರು. ಕೈಗೇನ ಹತ್ಯಾದ?"

"ಕಲ್ಲು ಒಡದದಬೇ. ಇನ್ನ ಆರು ತಿಂಗಳು ಬೇಕು."

"ಅಯ್ಯ ಶಿವನೇ! ಅದಕ್ಯಾಕ ನಗಾಕತ್ತಿ?"

ಪೂನಂ ಕೋಣೆಗೆ ಹೋದಳು. ಸಲೈನ್ ಬಾಟಲಿಯ ತಿರುಪು ಮುಚ್ಚಿದಳು. ಹನ್ನೊಂದು ತಿಂಗಳಲ್ಲಿ ಮೊದಲ ಸಲ ಕೋಣೆ ನಿಶ್ಶಬ್ದವಾಯಿತು.

ನೋಟ್‌ಬುಕ್ ತೆರೆದು ದಿನಾಂಕ ಹಾಕಿ, ಕಲ್ಲಿನ ಸಂಗತಿಯನ್ನು ಇದ್ದುದು ಇದ್ದಂತೆ ಬರೆದಳು. ನಾಳೆ ಅದನ್ನು ಎಲ್ಲರೂ ಓದಲಿ.

ಆಮೇಲೆ ಹೆಬ್ಬೆರಳಿನ ಮೇಣವನ್ನು ಮೆಲ್ಲಗೆ ಬಿಡಿಸಿದಳು. ಒಳಗಡೆ ಅವಳ ಬೆರಳಿನ ಗೆರೆ, ಹೊರಗಡೆ ಒತ್ತಿ ಹಿಡಿದಿದ್ದ ಅವನ ಬೆರಳಿನ ಗೆರೆ. ಅದನ್ನು ಒಣ ಬಟ್ಟಲಿನಲ್ಲಿಟ್ಟು ಮೇಲೊಂದು ತಟ್ಟೆ ಮುಚ್ಚಿದಳು.

ಇದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ, ಎಂದುಕೊಂಡಳು. ಅಮ್ಮನಿಗೂ.