ಹಲಗೆಯ ಮೇಲೆ ಮೂರು ಬೆರಳು

ಮಡಕಶಿರಾ ಪೇಟೆಯ ವಾದ್ಯ ರಿಪೇರಿ ಅಂಗಡಿ. ಸಂಜೆ. ಕಾಫಿ ತಂದ ಭವ್ಯಾ ಬಾಗಿಲಲ್ಲೇ ನಿಂತಳು. ಅವಳ ತಂದೆ ಬೊಮ್ಮಪ್ಪ ನೆಲದ ಮೇಲೆ ಬೋರಲಾಗಿ ಬಿದ್ದಿದ್ದ. ತಲೆಯಿಂದ ರಕ್ತ. ಪಕ್ಕದಲ್ಲಿ ಮರದ ಕೊಡತಿ. ಕಿರುಚಬೇಕೆಂದರೆ ದನಿಯೇ ಹೊರಡಲಿಲ್ಲ.

ಉಸಿರಿತ್ತು. ಅದೊಂದೇ ಪುಣ್ಯ. ಅಕ್ಕಪಕ್ಕದವರು ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿದರು.

* * *

ಮರುದಿನ ಬೆಳಿಗ್ಗೆ ಎಸ್ಸೈ ಶ್ರೀಲತಾ ಅಂಗಡಿಯನ್ನು ಸುತ್ತಿ ನೋಡಿದರು.

"ಏನೂ ಕಳವಾಗಿಲ್ಲ. ನಿಮ್ಮಣ್ಣಂಗೂ ಅಪ್ಪಂಗೂ ಜಗಳ ಆಗಿತ್ತಂತೆ?"

"ಗಿಟಾರ್ ಬೇಗ ಕೊಡು ಅಂತ ಕೂಗಾಡ್ದ ಮೇಡಂ. ಅಪ್ಪನ ಮೇಲೆ ಕೈ ಮಾಡೋನಲ್ಲ."

ಅಣ್ಣ ಮಾರುತಿಯ ಬೇಸ್ ಗಿಟಾರ್ ಮೇಜಿನ ಮೇಲೇ ಇತ್ತು. ವೀಣೆಗೂ ಬೇರೆ ಗಿಟಾರಿಗೂ ಇರುವಂಥ ಮೆಟ್ಟಿಲು ಇದಕ್ಕಿಲ್ಲ. ತಂತಿ ಮರಕ್ಕೇ ಉಜ್ಜುತ್ತದೆ. ಉಜ್ಜಿ ಉಜ್ಜಿ ಕತ್ತಿನ ಹಲಗೆ ಸವೆದು, ಸ್ವರ ಗರಗರ ಎನ್ನುತ್ತಿತ್ತು. ಬೊಮ್ಮಪ್ಪ ತಂತಿ ಬಿಚ್ಚಿ, ಗೀರುಗಳಿಗೆ ಕರಿಮರದ ಪುಡಿ ತುಂಬಿ, ಮೇಲೆ ಸೂಪರ್ ಗ್ಲೂ ಸುರಿದಿದ್ದ. ಗಟ್ಟಿಯಾದ ಅಂಟಿನಲ್ಲಿ ಮೂರು ಬೆರಳಿನ ಗುರುತಿತ್ತು.

ಭವ್ಯಾ ಬಗ್ಗಿ ನೋಡಿದಳು. ಹಸಿ ಅಂಟನ್ನು ಅಪ್ಪ ಮುಟ್ಟುವವನಲ್ಲ. ಹೊರಗೆ ಓಡಿ, ಜೀಪಿನ ಬಳಿ ನಿಂತಿದ್ದ ಅಣ್ಣನ ಕೈ ಹಿಡಿದು ತಿರುವಿ ನೋಡಿದಳು. ಬೆರಳು ಶುಭ್ರವಾಗಿದ್ದವು. ಹೋದ ಜೀವ ಬಂದಂತಾಯಿತು.

"ಉಜ್ಜಿ ತೊಳೆದಿರ್ಬೋದು," ಎಂದರು ಹಿಂದೆಯೇ ಬಂದ ಎಸ್ಸೈ. "ಸ್ಟೇಷನ್‌ಗೆ ಬರ್ಲಿ."

* * *

ಭವ್ಯಾ ಅಂಗಡಿಯ ಬೀಗ ಹುಡುಕಲು ಒಳಗೆ ಬಂದಳು. ಹಿಂದೆಯೇ ವಾಗೀಶ ಬಂದ. ಮಾರುತಿಯ ಆರ್ಕೆಸ್ಟ್ರಾದಲ್ಲೇ ಗಿಟಾರ್ ನುಡಿಸುವವನು. ಆ ಬೇಸ್ ತನಗೇ ಬೇಕೆಂದು ದುಂಬಾಲು ಬಿದ್ದಿದ್ದವನು. ಕಪ್ಪು ಕನ್ನಡಕ ಹಾಕಿದ್ದ.

"ಕಣ್ಣು ಬಂದೈತೆ ತಂಗಿ, ಹತ್ರ ಬರ್ಬೇಡ. ಅಪ್ಪಂಗೆ ಎಚ್ಚರ ಆಯ್ತಾ?"

"ಇನ್ನೂ ಇಲ್ಲಣ್ಣ."

ಬಾಗಿಲ ಬಳಿ ರಿಪೇರಿಗೆ ಬಂದ ಹಾರ್ಮೋನಿಯಂ ಇತ್ತು. ವಾಗೀಶ ಮಾತಾಡುತ್ತಲೇ ಅದನ್ನು ಮೂರು ಬೆರಳಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಹೋದ. ಬೆರಳು ಕನ್ನಡಕಕ್ಕೆ ಬಡಿಯಿತು. ನೋವಿಗೆ ಮುಖ ಕಿವುಚಿದ.

ಭವ್ಯಾ ಆ ಕೈಯನ್ನೇ ನೋಡಿದಳು. ಆಮೇಲೆ ಮೇಜಿನ ಮೇಲಿನ ಗಿಟಾರನ್ನು. ಅವಳು ನೋಡಿದ್ದನ್ನು ಅವನೂ ನೋಡಿದ.

"ಏನ್ ನೋಡ್ತಿದೀಯ?" ಬಾಗಿಲಿಗೆ ಅಡ್ಡ ನಿಂತ. ಅವನ ಕೈ ಗೋಡೆಗೆ ಸಿಕ್ಕಿಸಿದ್ದ ಉಳಿಯತ್ತ ಹೋಯಿತು.

ಇವತ್ತೂ ದನಿ ಹೊರಡಲಿಲ್ಲ. ಜೀವಭಯದಲ್ಲಿ ಪಕ್ಕದಲ್ಲಿ ನೇತಾಡುತ್ತಿದ್ದ ಡೊಳ್ಳನ್ನು ಎರಡೂ ಕೈಯಿಂದ ದಬದಬ ಬಡಿದಳು. ಜೀಪಿನ ಬಳಿಯಿದ್ದ ಎಸ್ಸೈ ಓಡಿ ಬಂದರು.

"ಕನ್ನಡಕ... ತೆಗೆಸಿ ಮೇಡಂ!"

ಒಂದೇ ಕಣ್ಣು ಊದಿತ್ತು. ರೆಪ್ಪೆಗೂದಲನ್ನು ಕತ್ತರಿಸಿಕೊಂಡಿದ್ದ. ಉಳಿದ ಮೋಟುಗಳಲ್ಲಿ ಅಂಟಿನ ಜೊತೆ ಕರಿಮರದ ಪುಡಿ ಗಟ್ಟಿಯಾಗಿತ್ತು.

"ನಿನ್ನೆ ಗಿಟಾರ್ ಕದಿಯೋಕೆ ಬಂದಿದ್ದ ಮೇಡಂ," ಭವ್ಯಾ ಹೇಳಿದಳು. "ವಾದ್ಯ ಕಂಡ್ರೆ ಮುಟ್ಟಿ ಕಣ್ಣಿಗೊತ್ಕೊಳ್ಳೋ ರೂಢಿ ಕೈ ಬಿಡ್ಲಿಲ್ಲ. ಅಂಟು ಹಸಿಯಾಗಿತ್ತು. ರೆಪ್ಪೆ ಅಂಟ್ಕಂಡು ಕಿರುಚಿರ್ಬೇಕು, ಅಪ್ಪ ಹಿತ್ತಲಿಂದ ಬಂದಿರ್ಬೇಕು. ಹೊಡೆದು ಓಡಿದ. ಅದಕ್ಕೇ ಏನೂ ಕಳವಾಗಿಲ್ಲ. ಆ ಬೆರಳ ಗುರುತು ಹೋಲಿಸಿ ನೋಡಿ."

ವಾಗೀಶ ಕುಸಿದು ಕೂತ. "ಸಾಯಿಸ್ಬೇಕು ಅಂತ ಬಂದಿರ್ಲಿಲ್ಲ ಮೇಡಂ."

* * *

ಮಧ್ಯಾಹ್ನ ಆಸ್ಪತ್ರೆಯಲ್ಲಿ ಬೊಮ್ಮಪ್ಪ ಕಣ್ಣು ಬಿಟ್ಟ. "ಅಂಟು ಒಣಗ್ತಾ?" ಎಂದು ಕೇಳಿ ಮತ್ತೆ ನಿದ್ದೆಹೋದ. ಭವ್ಯಾ ಅಳುತ್ತ ನಕ್ಕಳು.

ಮಂಚದ ಆಚೆ ಬದಿ ಕೂತಿದ್ದ ಮಾರುತಿ ನಗಲಿಲ್ಲ.

"ಬೆಳಿಗ್ಗೆ ನನ್ ಕೈ ಯಾಕ್ ತಿರುವಿ ನೋಡ್ದೆ?"

ಅವಳು ತಲೆ ತಗ್ಗಿಸಿದಳು. "ಹೆದ್ರಿಕೆ ಆಗಿತ್ತಣ್ಣ."

ಮಾರುತಿ ಎರಡೂ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು ಕೂತ.