ಮುನ್ನೂರ ಹನ್ನೆರಡು ಪುಟಗಳ ಹುಡುಗಿ

ಅವಳ ಕಾಲೇಜಿನ ಅರ್ಜಿಯನ್ನು ಅಣ್ಣ ತುಂಬಿದ. 'ಮುಖ್ಯ ವಿಷಯ' ಎಂಬಲ್ಲಿ ಔಷಧ ವಿಜ್ಞಾನ ಎಂದು ಬರೆದ. ಕೆಳಗೆ ಅವಳ ಸಹಿಯನ್ನು ತಾನೇ ಹಾಕಿದ. ಮೂರು ದಿನ ಬಿಟ್ಟು, ಊಟ ಮಾಡುತ್ತಾ, ಅವಳಿಗೆ ಹೇಳಿದ.

"ಅಪ್ಪನ ಮೆಡಿಕಲ್ ಶಾಪ್ ನೋಡ್ಕೊಳ್ಳೋಕೆ ನಾಳೆ ಒಬ್ಬರು ಬೇಕಲ್ಲ, ಸಂತೆ. ನೀನು ಯೋಚನೆ ಮಾಡಿ ಮುಗಿಸೋಷ್ಟರಲ್ಲಿ ನಿನ್ನ ಮೊಮ್ಮಕ್ಕಳು ಕಾಲೇಜಿಗೆ ಸೇರಿರ್ತಾರೆ!"

ಅಪ್ಪ ನಕ್ಕರು. ಅಮ್ಮ ನೀರಿನ ಜಗ್ಗನ್ನು ಅವಳ ಕಡೆ ಸರಿಸಿದರು.

ಸಂತೆ ಎಂದರೆ ಅವಳೇ. ಹತ್ತೊಂಬತ್ತು ತುಂಬಿದವಳು. ಇರುವೆಗಳ ಚಿತ್ರ, ಬೀದಿಗಳ ನಕ್ಷೆ, ಅಜ್ಜಿಯರಿಂದ ಕೇಳಿ ಬರೆದುಕೊಂಡ ಜೋಗುಳ, ಬಿಚ್ಚಿಟ್ಟ ಗಡಿಯಾರ ಎಲ್ಲವೂ ಅವಳ ಒಂದೇ ಮೇಜಿನ ಮೇಲೆ ಬಿದ್ದಿರುತ್ತಿದ್ದವು. ಹೆಸರಿಟ್ಟವನೂ ಅಣ್ಣನೇ.

ಅಳು ಬರುತ್ತದೆಂದು ಕಾದಳು. ಬರಲಿಲ್ಲ. ಹಲ್ಲು ಕೀಳುವ ಮುಂಚೆ ಕೊಡುವ ಇಂಜೆಕ್ಷನ್ನನ್ನು ಮೈಗೆಲ್ಲ ಚುಚ್ಚಿದ ಹಾಗಿತ್ತು. ತಟ್ಟೆ ತೊಳೆದಿಟ್ಟು ಬೈಂಡಿಂಗ್ ಅಂಗಡಿಗೆ ಹೊರಟಳು. ಅಂದು, ಅಲ್ಲಿ ಕೊಟ್ಟಿದ್ದ ಅವಳ ಹಾಳೆಗಳು ಪುಸ್ತಕವಾಗಿ ಸಿಗುವ ದಿನ, ಅಷ್ಟೇ.

ಕಾಲೇಜಿನ ಎದುರಿಗಿದ್ದ ಆ ಅಂಗಡಿಯ ತುಂಬ ಅಂಟಿನ ವಾಸನೆ. ಅವಳಿಗಿಂತ ಒಂದೆರಡು ವರ್ಷ ದೊಡ್ಡವನಾದ ಬೈಂಡರ್, ದಪ್ಪದೊಂದು ಪುಸ್ತಕವನ್ನು ಮುಂದಿಟ್ಟ.

"ಇದೇನು? ನಾಲ್ಕು ಕಟ್ಟು ಕೊಟ್ಟಿದ್ದೆ. ನಾಲ್ಕು ಪುಸ್ತಕ ಬೇಕಿತ್ತು!"

"ಎಲ್ಲ ಒಂದೇ ಅಲ್ವಾ ಮೇಡಂ?"

ತೆರೆದು ನೋಡಿದಳು. ಇರುವೆಯ ಕಾಲಿನ ಪಕ್ಕ ಜೋಗುಳ. ಜೋಗುಳದ ಬೆನ್ನಿಗೆ ಗಡಿಯಾರದ ಹಲ್ಲುಚಕ್ರ.

"ಕಣ್ಣು ಕಾಣಲ್ವಾ ನಿಮಗೆ? ಇರುವೆ ಯಾವುದು, ಹಾಡು ಯಾವುದು ಅಂತ ಗೊತ್ತಾಗಲ್ವಾ?"

"ಓದ್ತಾ ಕೂತ್ರೆ ಯಜಮಾನ್ರು ಬೈತಾರೆ. ನಾವು ನೋಡೋದು ಪುಟದ ನಂಬರ್. ನೀವೇ ಹಾಕಿದೀರ, ಒಂದರಿಂದ ಮುನ್ನೂರ ಹನ್ನೆರಡು. ಏಳು ಒಂದು ಕಟ್ಟಲ್ಲಿ, ಎಂಟು ಇನ್ನೊಂದರಲ್ಲಿ! ಎಲ್ಲೋ ಬಿದ್ದು ಚೆಲ್ಲಾಪಿಲ್ಲಿ ಆಗಿದೆ ಅಂದ್ಕೊಂಡು, ಮಧ್ಯಾಹ್ನ ಪೂರ್ತಿ ಕೂತು ಸಾಲಾಗಿ ಜೋಡಿಸಿದೆ..."

ನಿಜ. ಬರೆದ ದಿನದ ಕ್ರಮದಲ್ಲೇ ನಂಬರ್ ಹಾಕುವುದು ಅವಳ ಅಭ್ಯಾಸ. ವಿಷಯ ನೋಡಿ ಬೇರೆ ಬೇರೆ ಕಟ್ಟು ಕಟ್ಟಿದ್ದು ಆಮೇಲೆ.

ಅವನ ಕಿವಿ ಕೆಂಪಾಗಿತ್ತು. "ಬಿಚ್ಚಿ ನಾಲ್ಕು ಮಾಡ್ಕೊಡ್ತೀನಿ. ಆದ್ರೆ..."

"ಆದ್ರೆ ಏನು?"

"ಹೊಲಿಯುವಾಗ ಕಣ್ಣು ಬಿತ್ತು, ಓದಿಬಿಟ್ಟೆ. ಆ ಕಾಲೇಜಿನ ಎಲ್ಲಾ ವಿಭಾಗದವರ ಪ್ರಬಂಧ ಕಟ್ಟಿದೀನಿ ಮೇಡಂ, ಒಂದನ್ನೂ ಓದಿ ಮುಗಿಸೋಕಾಗಿಲ್ಲ. ಇದನ್ನ ಮುಗಿಸಿದೆ."

ಹೀಗೆ ಯಾರಾದರೂ ಹೇಳಿದರೆ ಖುಷಿಯಾಗಬೇಕಿತ್ತು... ಆಗಲಿಲ್ಲ. ಆದರೂ ಅವನ ಮುಖವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು.

"ಇರಲಿ. ಬಿಚ್ಚಬೇಡಿ."

ಮರುದಿನವೂ ಹೋದಳು. ಅದರ ಮರುದಿನವೂ. ದಾರ ಹಿಡಿದು ಕೊಡುತ್ತಾ ಕೂತಳು. "ಈ ಜೋಗುಳದ ಅಜ್ಜಿ ಯಾವ ಬೀದಿಯವರು?" ಎಂದು ಒಮ್ಮೆ ಅವನು ಕೇಳಿದ. ಇಬ್ಬರೂ ನಕ್ಷೆ ಹರಡಿ ಗುರುತು ಹಾಕುತ್ತಾ ಹೋದಾಗ, ಬೀದಿ ಬದಲಾದಂತೆ ಹಾಡಿನ ಮಾತೂ ಬದಲಾಗಿದ್ದು ಕಂಡಿತು. ಅವನು ಹುಡುಗನಂತೆ ಕೇಕೆ ಹಾಕಿದ. ಅವಳು ಸುಮ್ಮನೆ ಪೆನ್ಸಿಲ್ ಚೂಪು ಮಾಡಿದಳು.

ಎರಡು ವಾರದ ಮೇಲೆ ಅಣ್ಣ ನಗುತ್ತಾ ಮನೆಗೆ ಬಂದ.

"ನಿನ್ನ ಬೈಂಡರ್ ಸಿಕ್ಕಿದ್ದ. 'ಅವರು ಒಂದು ವಿಷಯದಲ್ಲಿ ನಿಲ್ಲೋರಲ್ಲ' ಅಂದ. ಅಂಟು ಹಚ್ಚೋನಿಗೂ ನಿನ್ನ ಬಂಡವಾಳ ಗೊತ್ತಾಯ್ತು ನೋಡು!"

*ಅವನೂ ಅಷ್ಟೇನಾ...*

ಅಂಗಡಿಗೆ ಹೋಗುವುದನ್ನು ನಿಲ್ಲಿಸಿದಳು. ಬೇಸರವೂ ಆಗಲಿಲ್ಲ. ಬೆಳಿಗ್ಗೆ ಏಳುತ್ತಿದ್ದಳು, ಊಟ ಮಾಡುತ್ತಿದ್ದಳು. ಮೇಜನ್ನು ಖಾಲಿ ಮಾಡಿದಳು. ಮಗಳಿಗೆ ಬುದ್ಧಿ ಬಂತೆಂದು ಮನೆಯವರು ನೆಮ್ಮದಿಪಟ್ಟರು.

ಒಂಬತ್ತನೆಯ ದಿನ, ಕಾಲೇಜಿನ ಕಚೇರಿಯಲ್ಲಿ ಗುಮಾಸ್ತೆ ಅರ್ಜಿಯನ್ನು ಅವಳ ಮುಂದೆ ತಳ್ಳಿದರು. ವಿದ್ಯಾರ್ಥಿಯೇ ಬಂದು ದೃಢೀಕರಣದ ಸಹಿ ಹಾಕಬೇಕು. ಅಣ್ಣ ಪಕ್ಕದಲ್ಲೇ ನಿಂತಿದ್ದ.

"ಬದಲಾವಣೆ ಏನಾದ್ರೂ ಇದ್ರೆ ಇವತ್ತೇ ಕೊನೆ," ಎಂದರು ಗುಮಾಸ್ತೆ.

"ಮುಖ್ಯ ವಿಷಯ ಬರೀದೇ ಇದ್ರೆ?"

"ಮೊದಲ ವರ್ಷ ಖಾಲಿ ಬಿಡಬಹುದಮ್ಮ. ಮೂರು ವಿಭಾಗದ ತರಗತಿಗೆ ಕೂತು ಆಮೇಲೆ ಆರಿಸ್ಕೊಳ್ಳೋದು. ನಿಯಮ ಇದೆ. ಯಾರೂ ಕೇಳಲ್ಲ, ನಾವೂ ಹೇಳಲ್ಲ."

"ತಲೆಹರಟೆ ಸಾಕು!" ಅಣ್ಣ ಗದರಿದ. ಅಷ್ಟರಲ್ಲಿ ಕಚೇರಿಯ ರಿಜಿಸ್ಟರುಗಳನ್ನು ಹೊತ್ತು ಬೈಂಡರ್ ಒಳಗೆ ಬಂದ. ಅಣ್ಣನಿಗೆ ಸಾಕ್ಷಿಯೇ ಸಿಕ್ಕ ಹಾಗಾಯಿತು. "ಬಾರಪ್ಪ, ನೀನೇ ಹೇಳು ಇವಳಿಗೆ. ಒಂದರಲ್ಲಿ ನಿಲ್ಲೋರಲ್ಲ ಅಂತ ನನ್ನ ಹತ್ರ ಅಂದೆ ತಾನೇ?"

ಬೈಂಡರ್ ರಿಜಿಸ್ಟರುಗಳನ್ನು ಕೆಳಗಿಟ್ಟ.

"ಅಂದೆ. 'ಅಂಥವರನ್ನ ಒಂದಕ್ಕೇ ಕಟ್ಟಿಹಾಕಬೇಡಿ ಸಾರ್' ಅಂತಾನೂ ಅಂದೆ. ಆ ಮಾತು ಎಲ್ಲಿ ಬಿಟ್ರಿ?"

ಅಣ್ಣ ಗಡಿಯಾರ ನೋಡಿಕೊಂಡ.

ಅವಳು ಬೈಂಡರನ ಕಡೆ ತಿರುಗಿದಳು. "ನೀವು ಬಂದು ಹೇಳಬಹುದಿತ್ತು."

"ಬರೋದು ನಿಲ್ಲಿಸಿದ್ದು ನೀವು. ನನಗಿಂತ ಒಳ್ಳೆಯವರು ಸಿಕ್ಕಿರಬೇಕು ಅಂದ್ಕೊಂಡೆ. ಬಾಗಿಲ ಸದ್ದಾದಾಗಲೆಲ್ಲ ತಲೆ ಎತ್ತೋದು, ಸೂಜಿ ಚುಚ್ಕೊಳ್ಳೋದು." ಎಡಗೈ ತೋರಿಸಿದ. ಬೆರಳುಗಳ ತುದಿಯಲ್ಲೆಲ್ಲ ಕಪ್ಪು ಚುಕ್ಕೆಗಳು. "ನಂಗೆ ನೀವು ಅಂದ್ರೆ ತುಂಬಾ ಇಷ್ಟ ಮೇಡಂ. ಇಲ್ಲಿ ಹೇಳಬಾರದಿತ್ತೇನೋ..."

"ಅದಕ್ಕೆ ಈ ಕೌಂಟರ್ ಅಲ್ಲ," ಎಂದರು ಗುಮಾಸ್ತೆ, ಕನ್ನಡಕ ತೆಗೆಯದೆ.

ಅವಳು 'ಔಷಧ ವಿಜ್ಞಾನ'ದ ಮೇಲೆ ಗೆರೆ ಎಳೆದಳು. ಪಕ್ಕದಲ್ಲಿ ಏನನ್ನೂ ಬರೆಯಲಿಲ್ಲ. ಕೆಳಗೆ ಸಹಿ ಹಾಕಿ ಅರ್ಜಿಯನ್ನು ಗುಮಾಸ್ತೆಯ ಕಡೆಗೆ ಸರಿಸಿದಳು.

"ಏ! ಅಪ್ಪನಿಗೆ ಏನು ಹೇಳ್ತೀಯ?"

"ನೀನು ನನ್ನ ಸಹಿ ಹಾಕಿದ್ದನ್ನ ಹೇಳ್ತೀನಿ."

ಅಣ್ಣನ ಮುಖ ಕಪ್ಪಿಟ್ಟಿತು. "ನಡಿ ಮನೆಗೆ!"

ಅವಳು ಗೋಡೆ ಬದಿಯ ಬೆಂಚಿನ ಮೇಲೆ ಕೂತಳು. ಬೈಂಡರ್ ಒಂದಿಷ್ಟು ಅಂತರ ಬಿಟ್ಟು ಕೂತ.

"ನಿಮಗೆ... ಏನನ್ನಿಸ್ತಿದೆ?" ಮೆಲ್ಲಗೆ ಕೇಳಿದ.

"ನಿಜ ಹೇಳಲಾ? ಇನ್ನೂ ಏನೂ ಸರಿಯಾಗಿ ಅನ್ನಿಸ್ತಿಲ್ಲ. ಎಷ್ಟೋ ದಿನ ಆಯ್ತು."

"ಪರವಾಗಿಲ್ಲ. ಕಾಯ್ತೀನಿ."

"ಕೈ ಕೊಡಿ."

ಕೊಟ್ಟ. ಬೆರಳ ತುದಿಗಳು ಒರಟಾಗಿದ್ದವು. ಬೆಚ್ಚಗಿದ್ದವು. ಬೆಚ್ಚಗಿವೆ ಎಂದು ಅವಳಿಗೆ ಗೊತ್ತಾಯಿತು.

"ಎದ್ದು ಬಾ ಅಂದೆ!" ಬಾಗಿಲಲ್ಲಿ ಅಣ್ಣ ಕೂಗಿದ.

"ಬರಲ್ಲ, ಅಣ್ಣ."